ಮೇಲಂಗಿ ಬಿಟ್ಟು ಓಡಿದವನು

ಕೆಲವು ತಿಂಗಳ ಹಿಂದೆ ಈ ಅಂಕಣದಲ್ಲಿ ಊರಿಗೆ ಹಣ ಕಳಿಸುವಾಗ ಶುಲ್ಕ ಅಂತ ಒಂದು ಕಡೆ, ವಿನಿಮಯ ದರ ಅಂತ ಇನ್ನೊಂದು ಕಡೆ ಹೇಗೆ ಕತ್ತರಿ ಬೀಳುತ್ತದೆ ಎಂದು ಬರೆದಿದ್ದೆವು. ಅದನ್ನು ಓದಿ ಒಬ್ಬ ತಮ್ಮ ಫೋನ್ ಮಾಡಿದ. ಹುಬ್ಬಳ್ಳಿ ಕಡೆಯವ, ಸ್ಟಾಕ್‌ಹೋಮಿನ ದಕ್ಷಿಣಕ್ಕೆ ಒಂದು ರೆಸ್ಟೋರೆಂಟಿನ ಅಡಿಗೆಮನೆಯಲ್ಲಿ ಕೆಲಸ. "ಅಣ್ಣಾರ, ನನ್ನ ಲೆಕ್ಕ ಒಂದೀಟು ನೋಡಿ ಕೊಡ್ರಿ. ತಿಂಗಳಾ ತಿಂಗಳಾ ರೊಕ್ಕ ಎಲ್ಲಿ ಹೋಗ್ತೈತೋ ತಿಳೀವಲ್ದು" ಅಂದ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸು ಅಂದೆವು.

ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರಿಗೆ ಸೋರಿಕೆ ಹುಡುಕುವುದು ಕಷ್ಟವಲ್ಲ. ಬಾಡಿಗೆ, ಬಸ್ ಪಾಸು, ಅಂಗಡಿ ಸಾಮಾನು, ಊರಿಗೆ ಕಳಿಸಿದ್ದು ಎಲ್ಲ ಸರಿಯಾಗಿತ್ತು. ಅವುಗಳ ಮಧ್ಯೆ ವಾರಕ್ಕೆ ಒಂದೆರಡು ಸಲ ಇನ್ನೂರು, ಮುನ್ನೂರು, ಒಮ್ಮೆ ಆರುನೂರು ಕ್ರೋನರ್ ಯಾವುದೋ ಹೊರದೇಶದ ಕಂಪನಿಯ ಹೆಸರಿಗೆ ಹೋಗಿತ್ತು. ಇದೇನಪ್ಪ ಅಂತ ಕೇಳಿದೆವು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಕೊನೆಗೆ "ಬಂದು ಹೇಳ್ತೀನ್ರಿ" ಅಂತ ಫೋನ್ ಇಟ್ಟ.

ಶನಿವಾರ ಬಂದ. ನಮ್ಮ ಮನೆಯಲ್ಲಿ ಹೆಂಡತಿ ಮಕ್ಕಳು ಇದ್ದರು. ಅವನ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಇಬ್ಬರು ಹಗಲು ಮಲಗಿರುತ್ತಾರೆ. ಹಾಗಾಗಿ ನಮ್ಮ ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೇ ಕರೆದುಕೊಂಡು ಹೋದೆವು. ಆ ದಿನ ನಮ್ಮ ಸರದಿ ಇತ್ತು. ಸ್ವೀಡನ್ನಿನಲ್ಲಿ ಇರುವವರಿಗೆ ಈ ತ್ವೆಟ್‌ಸ್ಟೂಗದ ಸರದಿ ತಪ್ಪಿಸಿಕೊಳ್ಳುವುದು ಎಂಥ ಅಪರಾಧ ಅಂತ ಗೊತ್ತು! ಎರಡು ಮೆಷಿನ್ ತಿರುಗುತ್ತಿದ್ದವು. ಆ ಸದ್ದಿನಲ್ಲಿ ಅವನಿಗೆ ಮಾತು ಸಲೀಸಾಯಿತು.

ಹೆಂಡತಿ, ಚಿಕ್ಕ ಮಗು ಊರಲ್ಲಿ. ಇವನು ಬಂದು ಎರಡು ವರ್ಷ. ಜೊತೆಯವರಿಬ್ಬರು ಪಾಳಿಗೆ ಹೋದ ಮೇಲೆ ಕೋಣೆಯಲ್ಲಿ ಒಬ್ಬನೇ, ಕೈಯಲ್ಲಿ ಫೋನು. ಮೊದಲು ಪುಕ್ಕಟೆ ಸಿಗುವುದನ್ನು ನೋಡಿದ. ಆಮೇಲೆ ವಿಡಿಯೋದಲ್ಲಿ ಮಾತಾಡುವ ಒಬ್ಬ ಹೆಣ್ಣುಮಗಳು, ಅವಳಿಗೆ ದುಡ್ಡು, ದುಡ್ಡಿಗೆ ತಕ್ಕಂತೆ ಅವಳು ಹೇಳಿದ್ದು ಮಾಡುವುದು. ಏಳು ತಿಂಗಳು. ನಾವು ಕುಳಿತು ಕೂಡಿಸಿದರೆ 11,350 ಕ್ರೋನರ್ ಆಯಿತು. ಹೆಂಡತಿಗೆ "ಬಾಡಿಗೆ ಜಾಸ್ತಿ ಮಾಡ್ಯಾರ" ಅಂತ ಹೇಳಿದ್ದ. ಭಾನುವಾರ ಆರಾಧನೆಗೆ ಹೋಗುವುದನ್ನೂ ಬಿಟ್ಟಿದ್ದ. "ಯಾವ ಮುಖ ಇಟ್ಕೊಂಡು ಹೋಗ್ಲಿ ಅಣ್ಣಾರ?"

ಅವನ ಒಪ್ಪಿಗೆ ಪಡೆದು, ಗುರುತು ಸಿಗುವಂಥದ್ದನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇವೆ. ಬರೆಯಲು ಕಾರಣ, ಅವನೊಬ್ಬನದೇ ಕಥೆ ಇದಲ್ಲ. ನಾವೂ ಕುಟುಂಬ ಬರುವ ಮೊದಲು ಎರಡು ಚಳಿಗಾಲ ಇಲ್ಲಿ ಒಬ್ಬರೇ ಕಳೆದವರು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುವ ಊರು. ಆಫೀಸು ಬಿಟ್ಟು ಬಂದು ಬಾಗಿಲು ಹಾಕಿದರೆ ಮರುದಿನ ಬೆಳಿಗ್ಗೆವರೆಗೆ ನಮ್ಮನ್ನು ಕೇಳುವವರಿಲ್ಲ, ನೋಡುವವರಿಲ್ಲ. ಆ ರಾತ್ರಿಗಳಲ್ಲಿ ನಾವೇನೂ ದೇವದೂತರಾಗಿರಲಿಲ್ಲ. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾದ್ದು ನಮ್ಮ ಮನೆಯವರಿಗೆ, ಅವರಿಗೆ ಹೇಳಿಯಾಗಿದೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಯಾಕೆಂದರೆ ಆ ತಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಹಣ ಕೊಟ್ಟು ಲೈಂಗಿಕ ಸೇವೆ ಕೊಳ್ಳುವವರನ್ನು ಶಿಕ್ಷಿಸಿ, ಮಾರುವವರನ್ನು ಶಿಕ್ಷಿಸದೆ ಬಿಡುವ ಕಾನೂನನ್ನು ಜಗತ್ತಿನಲ್ಲೇ ಮೊದಲು ತಂದದ್ದು ಸ್ವೀಡನ್. 1999ರ ಜನವರಿ 1ರಿಂದ ಅದು ಜಾರಿಯಲ್ಲಿದೆ. 2025ರ ಜುಲೈ 1ರಿಂದ ಅದನ್ನು ಇಂಟರ್‌ನೆಟ್ಟಿಗೂ ವಿಸ್ತರಿಸಿದ್ದಾರೆ. ಮುಟ್ಟದೇ ಇದ್ದರೂ ಸರಿ, ಪರದೆಯ ಆ ಕಡೆ ಇರುವವರಿಗೆ ಹಣ ಕೊಟ್ಟು ನಿಮಗೋಸ್ಕರ ಲೈಂಗಿಕ ಕ್ರಿಯೆ ಮಾಡಿಸಿದರೆ ಅದು ಅಪರಾಧ. ಒಂದು ವರ್ಷದವರೆಗೆ ಸೆರೆವಾಸ ಆಗಬಹುದು. ಪರ್ಮಿಟ್ ಮೇಲೆ ಇರುವವರಿಗೆ ಅದರ ಹಿಂದೆ ಇನ್ನೇನೇನು ಬರಬಹುದು ಅಂತ ನಾವು ಹೇಳಬೇಕಾಗಿಲ್ಲ. "ಫೋನಿನಾಗ ನೋಡಿದ್ದಕ್ಕೂ ಜೈಲೇನ್ರಿ?" ಅಂತ ಅವನು ಬೆವೆತುಹೋದ. ಸುಮ್ಮನೆ ನೋಡುವುದಕ್ಕೂ ದುಡ್ಡು ಕೊಟ್ಟು ಮಾಡಿಸುವುದಕ್ಕೂ ಇರುವ ವ್ಯತ್ಯಾಸ ವಿವರಿಸಿ, ಇವತ್ತೇ ನಿಲ್ಲಿಸು ಅಂದೆವು.

ಆದರೆ ಜೈಲಿನ ಹೆದರಿಕೆ ಎರಡು ವಾರ ಕೆಲಸ ಮಾಡುತ್ತದೆ, ಮೂರನೇ ವಾರ ಮನಸ್ಸು ಹೊಸ ಸಂದಿ ಹುಡುಕುತ್ತದೆ. ತೆರಿಗೆ ವಿಷಯದಲ್ಲಿ ಇದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅದಕ್ಕೇ ಅವತ್ತು ಆ ಬಟ್ಟೆ ಕೋಣೆಯಲ್ಲಿ ನಾವು ಯೋಸೇಫನ ವಿಷಯ ಎತ್ತಿದ್ದು. ಈ ಪತ್ರಿಕೆ ಓದುವವರಲ್ಲಿ ಎಲ್ಲ ಮತದವರೂ ಇದ್ದೀರಿ. ನಾವು ಕ್ರೈಸ್ತರು, ನಮಗೆ ಗೊತ್ತಿರುವ ದಾರಿಯಿಂದ ಹೇಳುತ್ತೇವೆ. ನಿಮ್ಮ ದಾರಿಯಲ್ಲೂ ಇಂಥದ್ದು ಇದ್ದೀತು.

ಆದಿಕಾಂಡದ 37ನೇ ಅಧ್ಯಾಯದಿಂದ ಓದಿ. ಯೋಸೇಫನಿಗೆ ಆಗ ಹದಿನೇಳು. ಅಣ್ಣಂದಿರೇ ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದರು. ಐಗುಪ್ತ ದೇಶಕ್ಕೆ ಬಂದು ಪೋಟೀಫರ ಎಂಬ ಅಧಿಕಾರಿಯ ಮನೆ ಸೇರಿದ. ಭಾಷೆ ಬೇರೆ, ಊಟ ಬೇರೆ, ದೇವರುಗಳು ಬೇರೆ. ಊರಿನಿಂದ ಕಾಗದ ಇಲ್ಲ, ಅಪ್ಪ ಅವನು ಸತ್ತ ಅಂದುಕೊಂಡಿದ್ದಾನೆ. ನಮ್ಮ ಹಾಗೆ ಅವನೂ ಪರದೇಶದಲ್ಲಿ ದುಡಿಯುವವ. ಅಷ್ಟೇ ಅಲ್ಲ, ನಮ್ಮ ಕಸುಬಿನವ ಕೂಡ. ಪೋಟೀಫರ ಇಡೀ ಮನೆಯ ಆಡಳಿತ, ಲೆಕ್ಕ ಎಲ್ಲ ಅವನ ಕೈಗೆ ಒಪ್ಪಿಸಿ, ತಾನು ಉಣ್ಣುವ ಊಟ ಒಂದು ಬಿಟ್ಟು ಬೇರೆ ಯಾವುದನ್ನೂ ವಿಚಾರಿಸುತ್ತಿರಲಿಲ್ಲವಂತೆ. ಲೆಕ್ಕಪರಿಶೋಧನೆ ಮಾಡಿದವರು ಇಂಥ ಆಫೀಸು ಕಂಡರೆ ಬೆಚ್ಚಿಬೀಳುತ್ತಾರೆ. ಕೇಳುವವರೇ ಇಲ್ಲದ ಕಡೆ ಪ್ರಾಮಾಣಿಕನೂ ಜಾರುವುದು ಸಲೀಸು.

ಆ ಮನೆಯ ಯಜಮಾನಿ ಅವನ ಮೇಲೆ ಕಣ್ಣು ಹಾಕಿದಳು. ಒಂದು ದಿನದ ಮಾತಲ್ಲ, ದಿನಾ ದಿನಾ ಅದೇ. ನಮ್ಮ ಪ್ರಸಂಗಿಗಳು ಅವನ ಓಟವನ್ನೇ ದೊಡ್ಡದು ಮಾಡುತ್ತಾರೆ. ನಾವು ಅದಕ್ಕಿಂತ ಮುಂಚಿನದನ್ನು ನೋಡಬೇಕು ಅನ್ನುತ್ತೇವೆ. ಒಲ್ಲೆ ಅಂದದ್ದು ಮಾತ್ರವಲ್ಲ, ಅವಳ ಹತ್ತಿರ ಸುಳಿಯುವುದನ್ನೇ ನಿಲ್ಲಿಸಿದ್ದ. ಯಜಮಾನ ನನ್ನನ್ನು ನಂಬಿದ್ದಾನೆ, ಇದು ದೇವರಿಗೆ ಮಾಡುವ ಪಾಪ ಅಂತ ಅವಳೆದುರೇ ಕಾರಣ ಬಿಡಿಸಿ ಹೇಳಿದ್ದ. ಮನೆಯಲ್ಲಿ ಬೇರೆ ಯಾರೂ ಇಲ್ಲದ ದಿನ ಅವಳು ಬಟ್ಟೆ ಹಿಡಿದೆಳೆದಾಗ ಹೊಸದಾಗಿ ಯೋಚನೆ ಮಾಡುವ ಅಗತ್ಯ ಅವನಿಗೆ ಬರಲಿಲ್ಲ. ಮೇಲಂಗಿ ಅವಳ ಕೈಯಲ್ಲೇ ಬಿಟ್ಟು ಓಡಿದ. ಎದುರು ನಿಂತು ತನ್ನ ಬಲ ಪರೀಕ್ಷೆ ಮಾಡಿಕೊಳ್ಳಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ ಪೌಲನೂ ಈ ಒಂದು ಪಾಪದ ವಿಷಯಕ್ಕೆ ಬಂದಾಗ ಓಡಿಹೋಗಿ ಅಂತಲೇ ಬುದ್ಧಿ ಹೇಳುತ್ತಾನೆ.

ಓಡಿದ್ದಕ್ಕೆ ಸಿಕ್ಕ ಸಂಬಳ? ಸುಳ್ಳು ದೂರು, ಸೆರೆಮನೆ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಶೋಧನೆ ಗೆದ್ದ ಮರುದಿನ ಎಲ್ಲ ಹಸನಾಗುತ್ತದೆ ಅಂತ ನಂಬಿಸಿದರೆ, ಹಸನಾಗದಿದ್ದಾಗ ಹುಡುಗರು ನಂಬಿಕೆಯನ್ನೇ ಕೈಬಿಡುತ್ತಾರೆ. ಸೆರೆಮನೆಯಲ್ಲೂ ದೇವರು ಅವನ ಜೊತೆ ಇದ್ದ ಎಂದಷ್ಟೇ ಸತ್ಯವೇದ ಹೇಳುತ್ತದೆ.

ಇನ್ನೊಂದು ವಿಷಯ ನಮಗೆ ಹೊಳೆದದ್ದು ಅವತ್ತು ಅವನ ಜೊತೆ ಮಾತಾಡುವಾಗಲೇ. ಯೋಸೇಫ ಸ್ವತಃ ಮಾರಾಟವಾದವನು. ದುಡ್ಡಿಗೆ ಮೈ ಕೈ ಬದಲಾಯಿಸುವುದು ಅಂದರೇನು ಅಂತ ಅವನಿಗೆ ಗೊತ್ತಿತ್ತು. ಪರದೆಯ ಆ ಕಡೆ ಇರುವ ಹೆಣ್ಣುಮಗಳಿಗೂ ಬಾಡಿಗೆ ಇದೆ, ಊರಲ್ಲಿ ತಾಯಿ ಇದ್ದಾಳು, ಮಗು ಇದ್ದೀತು. ಈ ಮಾತಿಗೆ ಆ ತಮ್ಮ ತಲೆ ತಗ್ಗಿಸಿದ. "ಒಮ್ಮೆ ಹಿಂದ ಕೂಸು ಅತ್ತಿದ್ದು ಕೇಳ್ಸಿತ್ರಿ" ಅಂದ. ಮೆಷಿನ್ ಅಷ್ಟು ಹೊತ್ತಿಗೆ ನಿಂತಿತ್ತು. ಬಟ್ಟೆ ತೆಗೆದು ಡ್ರೈಯರಿಗೆ ಹಾಕುವವರೆಗೆ ಇಬ್ಬರೂ ಮಾತಾಡಲಿಲ್ಲ.

ಇಲ್ಲಿ ನಮ್ಮ ಗಂಡಸರ ಒಂದು ಚಾಳಿ ಹೇಳಲೇಬೇಕು. ಬೇಸಿಗೆ ಬಂದು ಇಲ್ಲಿಯವರು ಪಾರ್ಕುಗಳಲ್ಲಿ, ಕೆರೆಯ ದಂಡೆಯಲ್ಲಿ ಬಿಸಿಲು ಕಾಯಲು ಮಲಗಿದರೆ, "ಈ ದೇಶದಾಗ ಯಾರು ಸುದ್ದ ಇರಾಕ ಆಗ್ತೈತಿ" ಅಂತ ನಗಾಡುತ್ತೇವೆ. ತಪ್ಪನ್ನು ಅವರ ಬಟ್ಟೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಈ ಪಾಪದ ಜಾಗ ತೋರಿಸಿದ್ದು ನೋಡುವ ಗಂಡಸಿನ ಹೃದಯದಲ್ಲಿ. ಉಡುಪಿನ ಸುದ್ದಿಯೇ ಅಲ್ಲಿಲ್ಲ.

ಯೋಸೇಫನಿಗೆ ಎದುರಾಗಿ ದಾವೀದನನ್ನು ಇಟ್ಟು ನೋಡಿ. ಎರಡನೆಯ ಸಮುವೇಲ 11ನೇ ಅಧ್ಯಾಯ ಶುರುವಾಗುವುದೇ ಅರಸರು ಯುದ್ಧಕ್ಕೆ ಹೋಗುವ ಕಾಲದಲ್ಲಿ ಅವನು ಮನೆಯಲ್ಲೇ ಉಳಿದದ್ದರಿಂದ. ಸಂಜೆ ಹಾಸಿಗೆಯಿಂದ ಎದ್ದು ಮಾಳಿಗೆ ಮೇಲೆ ತಿರುಗಾಡುತ್ತಾ ಬತ್ಷೆಬೆಯನ್ನು ಕಂಡ. ಈಗ ಆ ಮಾಳಿಗೆ ನಮ್ಮ ಅಂಗೈಗೇ ಬಂದಿದೆ. ಮುಂದೆ ನಡೆದದ್ದು ಲೆಕ್ಕ ಬರೆಯುವವರಿಗೆ ಬಹಳ ಪರಿಚಿತ. ಒಂದು ತಪ್ಪು ನಮೂದು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು, ಕೊನೆಗೆ ಅವಳ ಗಂಡ ಊರೀಯನ ಕೈಯಲ್ಲೇ ಅವನ ಸಾವಿನ ಪತ್ರ ಕೊಟ್ಟು ಕಳಿಸುವವರೆಗೆ. "ಬಾಡಿಗೆ ಜಾಸ್ತಿ ಮಾಡ್ಯಾರ" ಅನ್ನುವುದು ಆ ದಾರಿಯ ಮೊದಲ ಮೆಟ್ಟಿಲು. ನಾತಾನ ಪ್ರವಾದಿ ಬಂದು ಬಡವನ ಕುರಿಮರಿಯ ಕಥೆ ಹೇಳಿ ಬಾಯಿ ಬಿಡಿಸುವವರೆಗೆ ಅರಸ ತನ್ನ ತಪ್ಪು ಒಪ್ಪಲಿಲ್ಲ. ಅರಮನೆಯಲ್ಲಿ ಅಷ್ಟು ಜನ ಇದ್ದರೂ ಕೇಳುವ ಒಬ್ಬನಿಗಾಗಿ ಕಾಯಬೇಕಾಯಿತು.

ಹೀಗೆ ಕೇಳುವವರು ಒಬ್ಬರು ಬೇಕು ಎನ್ನುವುದು ನಮ್ಮ ಕರಾವಳಿಯ ಹಳೆಯ ಸಭೆಗಳಿಗೆ ಗೊತ್ತಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಒಬ್ಬರಲ್ಲ, ಮೂವರು: ಹೆಬಿಕ್, ಲೇನರ್, ಗ್ರೈನರ್. ಮಿಷನ್ನಿನ ನಿಯಮ ಬಲು ಬಿಗಿ. ಅವಿವಾಹಿತರಾಗಿಯೇ ಹೊರಡಬೇಕು, ಬಂದು ಕೆಲವು ವರ್ಷ ದುಡಿದ ಮೇಲೆ ಬಾಸೆಲ್‌ನ ಕಮಿಟಿಯ ಅಪ್ಪಣೆ ಸಿಕ್ಕರೆ ಮದುವೆ. ಎಷ್ಟೋ ಮಂದಿಗೆ ಹೆಣ್ಣು ಹಡಗಿನಲ್ಲಿ ಬರುತ್ತಿತ್ತು, ಮುಖವನ್ನೇ ನೋಡಿರದ ಹೆಣ್ಣು! ನಿಘಂಟು ಮಾಡಿದ ಕಿಟೆಲ್ಲರು ನಮ್ಮ ನಾಡಿಗೆ ಬಂದದ್ದು 1853ರಲ್ಲಿ, ಮದುವೆಯಾದದ್ದು 1860ರಲ್ಲಿ. ಅಂಥ ನಿಯಮ ಚೆನ್ನಾಗಿತ್ತು ಅಂತ ನಾವು ಹೇಳುವುದಿಲ್ಲ. ಮದುವೆಗೂ ಕಮಿಟಿಯ ರುಜು ಕೇಳುವುದು ಯಾರಿಗಾದರೂ ಹಿಂಸೆಯೇ. ಆದರೆ ದೂರದೇಶದಲ್ಲಿ ಒಂಟಿ ಗಂಡಸಿನ ಕಷ್ಟ ಏನೆಂದು ಅವರ ಮೈಗೆ ಗೊತ್ತಿತ್ತು, ನಮಗೆ ಕನ್ನಡದಲ್ಲಿ ದೇವರ ವಾಕ್ಯ ಕಲಿಸಿದವರೂ ಪರಸ್ಥಳದಲ್ಲಿ ಹೆಂಡತಿಗಾಗಿ ಕಾದವರೇ, ಅಂತ ನೆನೆದರೆ ಸ್ವಲ್ಪ ನಾಚಿಕೆ ಕಡಿಮೆಯಾಗುತ್ತದೆ.

ಅವರು ಮದುವೆಗೆ ಮೊದಲು ಕಾದವರು. ನಾವು ಮದುವೆಯಾಗಿ ಬೇರೆ ಬೇರೆ ಇರುವವರು. ಇದರ ಬಗ್ಗೆಯೂ ಪೌಲ ಬರೆದಿದ್ದಾನೆ, 1 ಕೊರಿಂಥ 7ನೇ ಅಧ್ಯಾಯದಲ್ಲಿ. ಗಂಡ ಹೆಂಡತಿ ಅಗಲಿ ಇರುವುದಾದರೆ ಇಬ್ಬರೂ ಒಪ್ಪಿರಬೇಕು, ಇಷ್ಟು ಕಾಲ ಅಂತ ಗೊತ್ತುಮಾಡಿರಬೇಕು, ಆಮೇಲೆ ಮತ್ತೆ ಕೂಡಬೇಕು, ಇಲ್ಲವಾದರೆ ಸೈತಾನನಿಗೆ ಅವಕಾಶ ಎಂಬುದು ಅವನ ಮಾತಿನ ತಾತ್ಪರ್ಯ. ನಮ್ಮಲ್ಲಿ ಎಷ್ಟು ಜನ ಅವಧಿ ಗೊತ್ತುಮಾಡಿ ಬಂದಿದ್ದೇವೆ? ಸಾಲ ತೀರಲಿ, ಮನೆ ಆಗಲಿ, ತಂಗಿ ಮದುವೆ ಆಗಲಿ ಅಂತ ವರ್ಷಗಳು ಹೋಗುತ್ತವೆ. ಈಗಿನ ನಿಯಮಗಳೂ ಸಹಾಯಕ್ಕಿಲ್ಲ. 2022ರ ಜೂನ್ 1ರಿಂದ ಕುಟುಂಬ ಕರೆಸಲು ಅವರನ್ನು ಸಾಕುವಷ್ಟು ಆದಾಯ ತೋರಿಸಬೇಕು. 2023ರ ನವೆಂಬರ್ 1ರಂದು ವರ್ಕ್ ಪರ್ಮಿಟ್ಟಿನ ಕನಿಷ್ಠ ಸಂಬಳ 13,000 ಕ್ರೋನರಿನಿಂದ ಒಮ್ಮೆಗೇ 27,360ಕ್ಕೆ ಏರಿತು, ಆಮೇಲೂ ಏರಿದೆ. ಅಡಿಗೆಮನೆಯಲ್ಲಿ, ಕ್ಲೀನಿಂಗಿನಲ್ಲಿ ದುಡಿಯುವವರಿಗೆ ಇದು ಎಂಥ ಬಿಸಿ ಅಂತ ಐಟಿಯವರಿಗೆ ಬೇಗ ಅರ್ಥವಾಗುವುದಿಲ್ಲ. ಹಾಗಿದ್ದೂ, ಕರೆಸುವ ದಾರಿ ಇದ್ದರೆ ಮನೆ ಕಟ್ಟುವುದನ್ನು ಮುಂದೂಡಿ ಮೊದಲು ಹೆಂಡತಿಯನ್ನು ಕರೆಸಿ ಅಂತಲೇ ನಮ್ಮ ಸಲಹೆ. ಲೆಕ್ಕದವರಾಗಿಯೂ ಇದನ್ನೇ ಹೇಳುತ್ತೇವೆ.

ಸರಿ, ಕರೆಸುವವರೆಗೆ ಏನು ಮಾಡುವುದು? "ಪ್ರಾರ್ಥನೆ ಮಾಡು" ಅಂದರೆ ಸಾಕೆ? ನಾವು ಆ ತಮ್ಮನಿಗೆ ಹಾಗೆ ಹೇಳಲಿಲ್ಲ, ಯಾಕೆಂದರೆ ಅವನು ಏಳು ತಿಂಗಳೂ ಪ್ರಾರ್ಥಿಸಿದ್ದ. ಪ್ರತಿ ಸಲ ಬಿದ್ದ ಮೇಲೆ ಇನ್ನು ಮುಂದೆ ಇಲ್ಲ ಅಂತ ಆಣೆ ಮಾಡಿದ್ದ. ಒಬ್ಬನೇ ಮಾಡಿದ ಆಣೆ ಅದು, ಒಬ್ಬನೇ ಮುರಿದ. ಇಲ್ಲಿಯ ಎಷ್ಟೋ ಕಂಪನಿಗಳಲ್ಲಿ ಒಬ್ಬರ ರುಜುವಿಗೆ ಬೆಲೆಯಿಲ್ಲ, ಇಬ್ಬರು ಕೂಡಿ ಹಾಕಬೇಕು. ಒಬ್ಬ ಕಳ್ಳ ಅಂತಲ್ಲ, ಒಬ್ಬಂಟಿಯಾಗಿ ಯಾರನ್ನೂ ಆ ಶೋಧನೆಗೆ ಬಿಡಬಾರದು ಅಂತ. ಯಾಕೋಬನ ಪತ್ರದ 5ನೇ ಅಧ್ಯಾಯ ನಿಮ್ಮ ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಂಡು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಎನ್ನುವ ಅರ್ಥದಲ್ಲಿ ಹೇಳುವುದು ಇದನ್ನೇ. ಅವತ್ತು ಡ್ರೈಯರ್ ಸದ್ದಿನ ಮಧ್ಯೆ ನಾವಿಬ್ಬರೂ ಕೂಡಿ ಪ್ರಾರ್ಥಿಸಿದೆವು. ಮೇಲಿನ ಮನೆಯ ಅಜ್ಜಿಯೊಬ್ಬರು ಬಾಗಿಲು ತೆಗೆದು ನೋಡಿ, ಮೆತ್ತಗೆ ಹಾಕಿಕೊಂಡು ಹೋದರು.

ಆಮೇಲಿನ ಏರ್ಪಾಡು ಸರಳ. ಕಾರ್ಡಿನಲ್ಲಿ ವಿದೇಶಿ ಪಾವತಿ ಬಂದ್ ಮಾಡಿಸಿದ. ರಾತ್ರಿ ಹತ್ತಕ್ಕೆ ಫೋನು ಅಡಿಗೆಮನೆಯ ಕಪಾಟಿನೊಳಗೆ, ಅಲಾರಾಂಗೆ ಐವತ್ತು ಕ್ರೋನರಿನ ಗಡಿಯಾರ. ಹತ್ತಕ್ಕೆ ಮೊದಲು ನಮಗೊಂದು ಮೆಸೇಜು. ಹೆಂಡತಿಗೆ ದಿನಾ ಫೋನು, ಅದರಲ್ಲಿ ಮೊದಲ ಹತ್ತು ನಿಮಿಷ ದುಡ್ಡಿನ ಮಾತಿಲ್ಲ. ಇದನ್ನು ಪಾಲಿಸುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು ಅನ್ನಿ! ಮಾತಾಡಲು ಬೇರೆ ವಿಷಯವೇ ಇಲ್ಲವಾಗಿತ್ತು.

ನಾಲ್ಕನೇ ವಾರ ಬಿದ್ದ. ಜೊತೆಯವನ ಹಳೇ ಫೋನು ಸಿಕ್ಕಿತ್ತಂತೆ. ಬೆಳಿಗ್ಗೆ ಆರಕ್ಕೆ ನಮಗೆ ಫೋನ್ ಮಾಡಿ ಅಳುತ್ತಿದ್ದ. ನಾವು ಬೈಯಲಿಲ್ಲ. ಏಳು ತಿಂಗಳು ಮುಚ್ಚಿಟ್ಟವ ಏಳು ಗಂಟೆಯೊಳಗೆ ಹೇಳಿದ್ದಾನೆ, ಅದನ್ನು ನಾವು ಲಾಭದ ಕಡೆಯೇ ಬರೆದೆವು.

ಉಳಿದದ್ದು ಹೆಂಡತಿಗೆ ಹೇಳುವುದು. ಇದಕ್ಕೆ ಅವನು ಒಪ್ಪಲು ಎರಡು ತಿಂಗಳು ಹಿಡಿಯಿತು. "ಯೇಸುಸ್ವಾಮಿ ಕ್ಷಮಿಸ್ಯಾರಲ್ರಿ, ಇನ್ನ ಅಕೀಗ್ಯಾಕ ನೋವು?" ಅಂತ ವಾದ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ನಮ್ಮ ಮೇಲಿದ್ದ ಸಾಲಪತ್ರವನ್ನೇ ದೇವರು ಶಿಲುಬೆಗೆ ಜಡಿದ ಎನ್ನುವ ಮಾತಿದೆ, ನಮ್ಮಂಥ ಲೆಕ್ಕದವರಿಗೆ ಅದಕ್ಕಿಂತ ಸಿಹಿಯಾದ ಮಾತು ಇನ್ನೊಂದಿಲ್ಲ. ಆದರೆ ಸ್ವೀಡನ್ನಿನ ಲೆಕ್ಕಪತ್ರ ಕಾನೂನಿನಲ್ಲಿ ತಪ್ಪು ನಮೂದನ್ನು ಅಳಿಸುವಂತಿಲ್ಲ. ತಿದ್ದಬಹುದು, ಯಾವಾಗ ತಿದ್ದಿದ್ದು, ಯಾರು ತಿದ್ದಿದ್ದು ಎನ್ನುವುದು ಕಾಣಬೇಕು. ಕ್ಷಮೆ ಸಿಕ್ಕಿದ್ದಕ್ಕೇ ನಿಜ ಹೇಳುವ ಧೈರ್ಯ ಬರಬೇಕಪ್ಪ, ಮುಚ್ಚಿಡುವ ಧೈರ್ಯ ಅಲ್ಲ ಅಂದೆವು.

ಹೇಳಿದ. ಹನ್ನೊಂದು ದಿನ ಅವಳು ಫೋನ್ ಎತ್ತಲಿಲ್ಲ. ಹನ್ನೆರಡನೇ ದಿನ ತಾನೇ ಮಾಡಿದಳು. ದುಡ್ಡು ಎಷ್ಟು ಹೋಯಿತು ಅಂತ ಕೇಳುತ್ತಾಳೆ ಅಂದುಕೊಂಡು ಚೀಟಿ ಬರೆದಿಟ್ಟುಕೊಂಡಿದ್ದ. ಅವಳು ಕೇಳಿದ್ದು, "ಎಷ್ಟ್ ದಿನಾ ಆತು?" ಅಂತ. ಅದರ ಮೇಲೆ, "ಕೂಸಿನ ಹುಟ್ಟಿದ ಹಬ್ಬದ ದಿನಾನೂ?" ಅಂತ. ಅದಕ್ಕೆ ಅವನ ಹತ್ತಿರ ಉತ್ತರ ಇತ್ತು, ಹೇಳಿದ. ಆ ಗಾಯ ಇನ್ನೂ ಮಾದಿಲ್ಲ. ಮಾತಾಡುತ್ತಿದ್ದಾರೆ.

ನಿಮಗೆ ಅಣ್ಣನೋ ಗೆಳೆಯನೋ ಹತ್ತಿರ ಇಲ್ಲದಿದ್ದರೆ ಕೆಲವು ಬಾಗಿಲುಗಳಿವೆ. ಸ್ವೀಡನ್ನಿನ ಚರ್ಚಿನ ಪಾದ್ರಿಗಳಿಗೆ ಪಾಪನಿವೇದನೆ, ಖಾಸಗಿ ಸಮಾಲೋಚನೆಗಳಲ್ಲಿ ಕೇಳಿದ್ದನ್ನು ಯಾರಿಗೂ ಹೇಳದಿರುವ ಸಂಪೂರ್ಣ ಕಟ್ಟುಪಾಡಿದೆ. ರಾತ್ರಿ ಹೊತ್ತು 112ಕ್ಕೆ ಫೋನ್ ಮಾಡಿ "ಯೂರ್‌ಹಾವಂದೆ ಪ್ರೆಸ್ಟ್" ಬೇಕು ಅಂದರೆ ಪಾದ್ರಿಗೆ ಜೋಡಿಸುತ್ತಾರೆ, ಹೆಸರು ಹೇಳಬೇಕಾಗಿಲ್ಲ. ಸ್ಟಾಕ್‌ಹೋಮಿನ ಕುಂಗ್‌ಸ್ಟ್ರೇಡ್‌ಗೋರ್ಡನ್ ಹತ್ತಿರದ ಸಂತ ಯುಜೀನಿಯಾ ಕ್ಯಾಥೊಲಿಕ್ ಚರ್ಚಿನಲ್ಲೂ, ಇಮ್ಮಾನುಯೆಲ್ ಚರ್ಚಿನಲ್ಲೂ ಇಂಗ್ಲಿಷ್ ಆರಾಧನೆ ಇದೆ. ಧರ್ಮದ ಮಾತು ಬೇಡ ಅನ್ನುವವರಿಗೆ ಸ್ಟಾಕ್‌ಹೋಮ್, ಗೋಥೆನ್‌ಬರ್ಗ್, ಮಾಲ್ಮೋ ನಗರಗಳಲ್ಲಿ ಕಾಸ್ಟ್ ಎಂಬ ಸಮಾಲೋಚನಾ ಕೇಂದ್ರಗಳಿವೆ, ಪ್ರಿವೆಂಟೆಲ್ ಎಂಬ ಸಹಾಯವಾಣಿಯೂ ಇದೆ. ಇವೆಲ್ಲ ಇಂಥ ತೊಂದರೆಯಲ್ಲಿ ಇರುವವರಿಗಾಗಿಯೇ ಇರುವುದು.

ಆ ತಮ್ಮ ಈಗ ಆರಾಧನೆಗೆ ಬರುತ್ತಿದ್ದಾನೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಈ ಶನಿವಾರ ನಮ್ಮ ಬಟ್ಟೆ ಸರದಿ ಬೆಳಿಗ್ಗೆ ಏಳರಿಂದ ಹತ್ತು. ಹೆಂಡತಿಯ ಪರ್ಮಿಟ್ಟಿನ ಅರ್ಜಿಗೆ ಸಂಬಳದ ಚೀಟಿಗಳನ್ನು ತರುತ್ತೇನೆ, ಲೆಕ್ಕ ಸಾಲುತ್ತದೋ ಇಲ್ಲವೋ ನೋಡಿ ಅಂದಿದ್ದಾನೆ. ಇನ್ನೂ ಯಾರಿಗಾದರೂ ಬರಬೇಕು ಅನ್ನಿಸಿದರೆ ನಮ್ಮ ನಂಬರು ಸಂಪಾದಕರ ಹತ್ತಿರ ಇದೆ, ಅವರು ಕಾರಣ ಕೇಳುವುದಿಲ್ಲ.